ಪ್ಯಾನಲ್ ಮೇಲಿನ ಸಂಡಿಗೆ

ಕುಣಿಗಲ್‌ನ ನಿವೃತ್ತ ಟೀಚರ್ ಕರಿಬಸಮ್ಮನ ಮನೆಯ ಸೋಲಾರ್, ತಿಂಗಳಿಂದ ಅರ್ಧ ಕರೆಂಟನ್ನೂ ಕೊಟ್ಟಿರಲಿಲ್ಲ. ಪ್ಯಾನಲ್ ಹಾಕಿದ್ದ ಚನ್ನೇಶನನ್ನು ಕರೆಸಿ ಗೇಟಿನ ಬಳಿಯೇ ತರಾಟೆಗೆ ತೆಗೆದುಕೊಂಡಳು. ಅವನಿಂದಲೇ ಸೋಲಾರ್ ಹಾಕಿಸಬೇಕೆಂದಿದ್ದ ಪಕ್ಕದ ಮನೆಯ ದೊಡ್ಡಗಂಗಮ್ಮ ಕೇಳುತ್ತ ನಿಂತಿದ್ದಳು.

"ಏನಪ್ಪಾ, ಚೆನ್ನಾಗಿ ಟೋಪಿ ಹಾಕ್ಬಿಟ್ಯಲ್ಲ?"

ಚನ್ನೇಶ ಮಹಡಿ ಹತ್ತಿದ. ಕರಿಬಸಮ್ಮನೂ ಹಿಂದೆ ಹೋದಳು. ಬೇಗ ಒಣಗಲೆಂದು ಆಕೆ ದಿನವೂ ಪ್ಯಾನಲ್ ಮೇಲೆ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದಳು. ಅವನು ಒಂದೂ ಮುರಿಯದಂತೆ ಪಂಚೆಯನ್ನು ಎತ್ತಿ ನೆಲಕ್ಕೆ ಹಾಸಿದ.

"ಪ್ಯಾನಲ್‌ಗೆ ಬಿಸಿಲು ನೇರ ಬೀಳ್ಬೇಕಮ್ಮ, ಅಷ್ಟೇ," ಎಂದ ಮೆಲ್ಲಗೆ.

ಆಕೆಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು.

ಕೆಳಗೆ ಬಂದು ಅವನು, "ವೈರ್ ಸಡಿಲ ಇತ್ತು, ನಮ್ದೇ ತಪ್ಪು," ಎಂದುಬಿಟ್ಟ.

"ಅವ್ನೇ ಒಪ್ಕೊಂಡ ನೋಡಕ್ಕ. ನಂಗೆ ಬ್ಯಾಡ ಬುಡು ಈ ಸೋಲಾರು," ಎಂದಳು ದೊಡ್ಡಗಂಗಮ್ಮ.

ಚನ್ನೇಶ ಬೈಕಿನತ್ತ ನಡೆದ. ಕರಿಬಸಮ್ಮನ ಮಾನ ಕಾಯಲು ಹೋಗಿ ಅವನು ಈ ಕೆಲಸ ಕಳೆದುಕೊಳ್ಳುತ್ತಿರುವುದನ್ನು ಆಕೆಗೆ ನೋಡಲಾಗಲಿಲ್ಲ.

"ನಿಂತ್ಕೊಳಪ್ಪಾ. ಬೈದಿದ್ದು ಬೀದಿಗೆಲ್ಲ ಕೇಳಿಸ್ತು, ಇದೂ ಕೇಳಿಸ್ಲಿ. ತಪ್ಪು ಇವನದಲ್ಲ ಕಣೇ ಗಂಗಮ್ಮ. ಸಂಡಿಗೆ ಒಣಗಾಕಿ ಪ್ಯಾನಲ್ ಮುಚ್ಚಿದವಳು ನಾನೇ."

ದೊಡ್ಡಗಂಗಮ್ಮ ಬಾಯಿಗೆ ಸೆರಗಿಟ್ಟು ನಕ್ಕಳು. "ಟೀಚರಾಗಿದ್ದೋಳು ನೀನೇ ಹಿಂಗಾ ಅಕ್ಕ? ಬಾರಪ್ಪ ಚನ್ನೇಶ, ನಮ್ಮ ಮಹಡಿ ಅಳತೆ ತಗೊ."

ಅವನು ಟೇಪು ಹಿಡಿದು ಒಳಗೆ ಹೋಗುವವರೆಗೂ ಕರಿಬಸಮ್ಮ ತಲೆ ಎತ್ತಲಿಲ್ಲ.