ಸೀಸದ ಅಕ್ಷರ

ತಿರುಗುತ್ತಿದೆ, ಡಯಾಲಿಸಿಸ್ ಯಂತ್ರದ ಮುಖದ ಮೇಲಿನ ಆ ಚಿಕ್ಕ ಚಕ್ರ, ತಿರುಗಿ ತಿರುಗಿ ಅಣ್ಣನ ರಕ್ತವನ್ನು ಕೊಳವೆಯೊಳಗೆ ತಳ್ಳುತ್ತಿದೆ, ತೋಳಿನಿಂದ ಹೊರಗೆ, ತೊಳೆದು ಮತ್ತೆ ತೋಳಿನೊಳಗೆ, ನಾಲ್ಕು ಗಂಟೆ, ವಾರಕ್ಕೆ ಮೂರು ಸಲ, ಬದುಕಿರುವಷ್ಟು ದಿನ — ಬೆಳಗಿನ ಬಿಸಿಲು ಬಿದ್ದು ಕೊಳವೆ ಎಷ್ಟು ಚೆಂದ ಕಾಣುತ್ತಿದೆ, ಚೆಂದವಂತೆ, ನಾಚಿಕೆಯಾಗಬೇಕು ನನಗೆ. ಅಣ್ಣನ ತುಟಿ ಅಲುಗುತ್ತಿಲ್ಲ. ಅದೇ ಸಹಿಸಲಾಗದ್ದು, ಐವತ್ತು ವರ್ಷ ಉಣ್ಣುವ ಮುಂಚೆ, ಬಟ್ಟೆಗೆ ಕತ್ತರಿ ಹಾಕುವ ಮುಂಚೆ, ಬಸ್ಸು ಹತ್ತುವ ಮುಂಚೆ ಕೂಡ ದೇವರ ಹತ್ತಿರ ಒಳಗೊಳಗೇ ಮಾತಾಡಿಕೊಳ್ಳುತ್ತಿದ್ದ ತುಟಿ ಅದು, ನಾನು ಗೇಲಿ ಮಾಡಿ ಮಾಡಿ ಸೋತ ತುಟಿ, ಏನಣ್ಣಾ, ಮೇಲಿನವರು ಏನಂತಾರೆ, ಊಟಕ್ಕೆ ಬರ್ತಾರಂತಾ, ಅವನು ನಕ್ಕುಬಿಡುತ್ತಿದ್ದ, ನಿನ್ನ ಕ್ಷೇಮ ಕೇಳಿದ್ರು ಕಣೋ ಮರೀ. ಅವತ್ತೂ ಅಲುಗುತ್ತಿತ್ತು, ಕೆಳಗಿನ ಅಂತಸ್ತಿನಲ್ಲಿ, ನನ್ನ ಎಕ್ಸ್‌ರೇ ಮೇಜಿನ ಮೇಲೆ, ಇಪ್ಪತ್ತೆಂಟು ವರ್ಷದಿಂದ ನಾನು ಜನರನ್ನು ಮಲಗಿಸಿ ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ ಎನ್ನುತ್ತಾ ಬಂದ ಮೇಜು. ಮೂತ್ರದಲ್ಲಿ ರಕ್ತ, ಒಂದು ಕಿಡ್ನಿಯಲ್ಲಿ ಗಡ್ಡೆ ಇರಬಹುದು, ಯಾವುದರಲ್ಲಿ ಎಂದು ನೋಡಬೇಕು. ಕೈಗೆ ಔಷಧಿ ಚುಚ್ಚಿ ಮೊದಲು ಅಂಗಾತ ಒಂದು ಚಿತ್ರ, ಆಮೇಲೆ ಬೋರಲು ಮಲಗಿಸಿ ಇನ್ನೊಂದು. ಫಿಲಂ ಪೆಟ್ಟಿಗೆಯ ಮೂಲೆಗೆ ಸೀಸದ ಅಕ್ಷರವೊಂದನ್ನು ಅಂಟಿಸುತ್ತೇವೆ, ಇದು ದೇಹದ ಬಲಭಾಗ ಎಂದು ಹೇಳುವ ಅಕ್ಷರ, ಹೆಬ್ಬೆರಳಿನ ಉಗುರಿನಷ್ಟು. ಮನುಷ್ಯ ಮಗುಚಿದರೆ ಅದನ್ನೂ ಆಚೆ ಮೂಲೆಗೆ ಬದಲಿಸಬೇಕು, ಇಲ್ಲದಿದ್ದರೆ ಎಡವೇ ಬಲವಾಗುತ್ತದೆ, ಮೊದಲ ದಿನ ಹೇಳಿಕೊಡುವ ಪಾಠ. ಅಣ್ಣ ಬೋರಲಾಗಿ ಮೇಜಿಗೆ ಕೆನ್ನೆ ಒತ್ತಿ ಗೊಣಗುತ್ತಿದ್ದ, ನಾನು ಆಚೆ ಮೂಲೆಗೆ ಹೋಗುವ ಬದಲು ಅವನ ಕಿವಿಗೆ ಬಾಗಿದೆ, ಉಸಿರು ಹಿಡ್ಕೋ ಅಣ್ಣಾ, ನಿನ್ನ ದೇವರಿಗೂ ಹಿಡ್ಕೊಳ್ಳೋಕೆ ಹೇಳು, ಅಲುಗಾಡಿದ್ರೆ ಅವನ ಚಿತ್ರಾನೂ ಕೆಡುತ್ತೆ — ನನ್ನ ಮಾತಿಗೆ ನಾನೇ ನಗುತ್ತಾ ಹೋಗಿ ಗುಂಡಿ ಒತ್ತಿದೆ. ಒಂದು ತಮಾಷೆಗೆ. ಗಡ್ಡೆ ಸ್ಪಷ್ಟವಾಗಿ ಕಂಡದ್ದು ಆ ಎರಡನೆಯ ಚಿತ್ರದಲ್ಲೇ, ಸರ್ಜನ್ ಬೆಳಕಿನ ಮುಂದೆ ಸಿಕ್ಕಿಸಿಕೊಂಡದ್ದೂ ಅದನ್ನೇ, ಕಪ್ಪು ಫಿಲಂ, ಮೂಲೆಯಲ್ಲಿ ಬಿಳಿ ಅಕ್ಷರ, ಬಲ ಎಂದಿತ್ತು, ಬಲಗಡೆಯದನ್ನು ಕೊಯ್ದು ತೆಗೆದರು, ಚೆನ್ನಾಗಿದ್ದದ್ದನ್ನು. ಆಮೇಲೆ ಗಡ್ಡೆ ಇದ್ದದ್ದನ್ನೂ ತೆಗೆಯಲೇಬೇಕಲ್ಲ, ತೆಗೆದರು. ಎರಡರಲ್ಲೂ ಇತ್ತಮ್ಮ, ದೇವರ ಇಚ್ಛೆ, ಎಂದರು ಸರ್ಜನ್ ಅತ್ತಿಗೆಗೆ. ನನಗೆ ಮಾತ್ರ, ಮುಖ ನೋಡದೆ, ಆ ಫಿಲಂ ಹಳೇ ರಾಶಿಗೆ ಹಾಕಿಬಿಡಿ. ಹಾಕಿದೆ. ಹೊರಗೆ ಬಂದು ನಾನೂ ದೇವರ ಇಚ್ಛೆ ಅತ್ತಿಗೆ ಎಂದೆ, ಅವರು ಅಳುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು, ನಿನ್ನ ಬಾಯಲ್ಲೂ ದೇವ್ರು ಬಂದನಲ್ಲಪ್ಪಾ ಎಂದರು.

ಮರೀ, ಈ ಕಡೆ ಬಾ. ಅಣ್ಣ ಕರೆಯುತ್ತಿದ್ದಾನೆ, ನನ್ನ ಎಡಗಿವಿ ಕೇಳಿಸದು, ಕುರ್ಚಿ ಎಳೆದುಕೊಂಡು ಬಲಗಿವಿ ಅವನ ಬಾಯಿಗೆ ಕೊಟ್ಟೆ. ದೇವರು ಇದಾನೇನೋ. ನನ್ನನ್ನು ಕೇಳುತ್ತಿದ್ದಾನೆ, ಹೋಗಿ ಹೋಗಿ ನನ್ನನ್ನು! ನೀನು ಇಲ್ಲ ಇಲ್ಲ ಅಂತಿದ್ಯಲ್ಲ, ಇಲ್ಲದಿದ್ರೆ ಇದನ್ನ ಮಾಡಿದ್ಯಾರು, ಇದ್ರೆ ಯಾಕೆ ಮಾಡಿದ. ಹೇಳಿಬಿಡು, ನಾಲಿಗೆಯ ತುದಿಗೆ ಬಂದಿದೆ, ನಾನಣ್ಣಾ, ಅವನಲ್ಲ, ನಾನು. ಹೇಳಿದರೆ ಅಣ್ಣನಿಗೆ ಅವನ ದೇವರು ವಾಪಸು ಸಿಗುತ್ತಾನೆ, ತಮ್ಮ ಹೋಗುತ್ತಾನೆ, ತಮ್ಮನ ಕೆಲಸವೂ. ಸರ್ಜನ್ ಬಾಯಿ ಬಿಡುವವರಲ್ಲ, ದೇವರ ಪರವಾಗಿ ಸಾಕ್ಷಿ ನುಡಿಯಬಲ್ಲವನು ಇಡೀ ಲೋಕದಲ್ಲಿ ನಾನೊಬ್ಬನೇ, ಮೇಜು ಕುಟ್ಟಿ ಕುಟ್ಟಿ ಅವನಿಲ್ಲ ಎಂದು ವಾದಿಸಿದವನು. ಅಣ್ಣಾ, ಅವತ್ತು ಎಕ್ಸ್‌ರೇ ತೆಗೆಯುವಾಗ, ಎಂದು ಶುರುಮಾಡಿಯೇ ಬಿಟ್ಟೆ, ಅವನು ಕೇಳಿಸಿಕೊಳ್ಳಲಿಲ್ಲ, ಇದಾನೆ ಕಣೋ, ಯಾಕೆ ಮಾಡಿದ ಅಂತಾನೂ ನಂಗೊತ್ತು, ಆ ಕೋಟು, ಎಂದ. ಯಾವ ಕೋಟು? ಅಪ್ಪನ ಅಂಗಡೀಲಿ, ಬೂದು ಬಣ್ಣದ್ದು, ಅದನ್ನ ಕತ್ತರಿಸಿ ಹಾಳು ಮಾಡಿದ್ದು ನಾನು ಮರೀ, ನೀನಲ್ಲ. ಅಪ್ಪನ ಹೊಲಿಗೆ ಅಂಗಡಿ, ಸೀಮೆಸುಣ್ಣದ ಗೆರೆ, ಮಗುಚಿ ಬಿದ್ದ ಬಟ್ಟೆಯ ಮೇಲೆ ಗುರುತು ನೋಡದೆ ಯಾರೋ ಕತ್ತರಿ ಆಡಿಸಿ ಎರಡೂ ತುಂಡು ಎಡಗಡೆಯವೇ ಆಗಿ, ಯಾರು ಎಂದ ಅಪ್ಪ, ಅಣ್ಣನಿಗೆ ಹದಿನಾಲ್ಕು, ನನಗೆ ಒಂಬತ್ತು, ಅಣ್ಣನ ಬೆರಳು ನನ್ನ ಕಡೆ. ಮರದ ಅಳತೆ ಕೋಲು ಎಡಗಿವಿಯ ಮೇಲೆ ಬಿತ್ತು, ಒಳಗೆ ಏನೋ ಒಡೆಯಿತು, ಆ ಕಡೆ ಲೋಕವೇ ಮುಗಿಯಿತು. ಮಧ್ಯಾಹ್ನವಿಡೀ ಮೇಜಿನ ಕೆಳಗೆ ಕೂತು ಬೇಡಿಕೊಂಡೆ, ನೀನು ನೋಡಿದ್ದೀಯಲ್ಲ ದೇವರೇ, ಅಪ್ಪನಿಗೆ ಒಂದು ಮಾತು ಹೇಳು. ಹೇಳಲಿಲ್ಲ. ದೇವರನ್ನು ಬಿಟ್ಟದ್ದು ಅವತ್ತು. ಆಮೇಲಾಮೇಲೆ, ಬೆಳಿಗ್ಗೆ ಕತ್ತರಿಯಲ್ಲಿ ಆಡಿದ್ದೆನಲ್ಲ, ನಾನೇ ಮಾಡಿರಬೇಕು ಎಂದುಕೊಂಡೆ, ನಲವತ್ತೈದು ವರ್ಷ ಹಾಗೇ ಅಂದುಕೊಂಡೆ.

ಖುಷಿ, ಹೌದು ಖುಷಿಯೇ ಇದು, ಹೊಟ್ಟೆಯಲ್ಲಿ ಬೆಚ್ಚಗೆ ಹರಡುತ್ತಿದೆ. ಕಿವಿಗೆ ಕಿಡ್ನಿ. ಹಾಗಾದರೆ ಅಕ್ಷರ ಬದಲಿಸಲು ಮರೆತದ್ದು ನಾನಲ್ಲ, ಮರೆಸಿದ್ದು ಮೇಲಿನವನು, ಮಗುಚಿದ ಬಟ್ಟೆಗೆ ಮಗುಚಿದ ಮೈ, ಇಷ್ಟು ಅಚ್ಚುಕಟ್ಟಾಗಿ ಅಳೆದು ಕತ್ತರಿಸುವವನು ಇದ್ದೇ ಇರಬೇಕು, ಎಂಥ ದರ್ಜಿ — ಥೂ, ಎಷ್ಟು ಬೇಗ ಭಕ್ತನಾದೆ, ನನ್ನ ತಲೆ ಉಳಿಯುತ್ತದೆ ಎಂದ ಕೂಡಲೇ. ಅಂಥವನು ಯಾರೂ ಇಲ್ಲ. ಇದ್ದರೆ ನನ್ನಂಥವನೇ ಇರಬೇಕು, ಎಲ್ಲವನ್ನೂ ಕಂಡು, ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತವನು, ಕೇಳಿಸದ ಕಿವಿ ಈ ಕಡೆ ತಿರುಗಿಸಿಕೊಂಡು. ಅಣ್ಣ ಸೂಜಿ ಚುಚ್ಚದ ಕೈ ಚಾಚಿದ್ದಾನೆ, ತಣ್ಣಗಿದೆ, ಬೆರಳಿನ ಮೇಲೆ ಕತ್ತರಿ ಹಿಡಿದ ಹಳೆಯ ಜಡ್ಡು, ಅವತ್ತು ತೋರಿಸಿದ್ದು ಇದೇ ಬೆರಳು, ಕ್ಷಮಿಸಿಬಿಡೋ ಮರೀ, ಇದಕ್ಕೇ ಶಿಕ್ಷೆ ಕೊಟ್ಟಿದಾನೆ, ನೀನು ಕ್ಷಮಿಸಿದ್ರೆ ಅವನೂ ಕ್ಷಮಿಸ್ತಾನೆ. ಈಗ ಹೇಳು. ಉಸಿರು ಎಳ್ಕೋ, ಹಿಡ್ಕೋ. ಚಕ್ರ ತಿರುಗುತ್ತಿದೆ, ಬಾಗಿಲಲ್ಲಿ ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಾರೆ, ಹೇಳು, ಹೇಳಿ ಸಾಯಿ — ಕ್ಷಮಿಸಿದೀನಿ ಅಣ್ಣಾ. ನನ್ನದೇ ದನಿ, ಎಷ್ಟು ಮೆತ್ತಗೆ, ಎಷ್ಟು ದೊಡ್ಡ ಮನಸ್ಸು. ಆದ್ರೆ ಕಿವಿ ಹೋಗಿದ್ದು ಹೋಯ್ತಲ್ಲ, ಅದನ್ನೂ ಸೇರಿಸಿದೆ, ಸೇರಿಸದೆ ಇರಲಾಗಲಿಲ್ಲ. ಅಣ್ಣ ಬಿಕ್ಕಿ ಬಿಕ್ಕಿ ಅತ್ತ, ನನ್ನ ಕೈಯನ್ನು ಕಣ್ಣಿಗೆ ಒತ್ತಿಕೊಂಡ, ಇದು ನೀನಾಡಿದ ಮಾತಲ್ಲ ಕಣೋ, ಅವನೇ ನಿನ್ನ ಬಾಯಲ್ಲಿ ಹೇಳಿಸಿದ್ದು, ಎಂದ. ನೋಡು, ತುಟಿ ಅಲುಗುತ್ತಿದೆ, ಮತ್ತೆ ಮಾತಾಡುತ್ತಿದ್ದಾನೆ, ಮುಖದಲ್ಲಿ ಎಂಥ ನೆಮ್ಮದಿ, ಕೈ ಬಿಡುತ್ತಿಲ್ಲ, ಉಸಿರು ಬಿಡಿ ಎಂದು ನನಗೆ ಯಾರೂ ಹೇಳುತ್ತಿಲ್ಲ, ಕಣ್ಣು ಮುಚ್ಚಿದೆ, ಕಪ್ಪು ಫಿಲಂ, ಕಣ್ಣು ತೆರೆದೆ, ಕಪ್ಪು ಫಿಲಂ, ಪಕ್ಕೆಲುಬು, ಬೆನ್ನುಮೂಳೆ, ಮೂಲೆಯಲ್ಲಿ ಬಿಳಿ ಅಕ್ಷರ, ಉಗುರಿನಷ್ಟು, ತಪ್ಪು ಮೂಲೆಯಲ್ಲಿ, ಬಿಳಿ ಅಕ್ಷರ, ತಪ್ಪು ಮೂಲೆಯಲ್ಲಿ