ಭಟ್ಟಿ ಈರಣ್ಣನ ಮೂಲ ಸ್ಥಳ

ದಾವಣಗೆರೆ ಬಸ್ ನಿಲ್ದಾಣದ ಕಂಬಕ್ಕೆ ಅಂಟಿಸಿದ್ದ ಹಾಳೆಯನ್ನು ನಾನು ಎರಡು ಸಲ ಓದಿದೆ. ಹರಿಹರದ ಆಚೆ, ಸಾರಥಿ ಎಂಬ ಊರಿನ ಕಡೆಗೆ ಹೋಗುವ ದಾರಿಯಲ್ಲಿ, ತುಂಗಭದ್ರೆಯ ದಂಡೆಗಿದ್ದ ಹಳೆಯ ಇಟ್ಟಿಗೆ ಭಟ್ಟಿಗಳ ಬಯಲನ್ನು ಹೊಳೆಗೆ ಮರಳಿ ಬಿಟ್ಟುಕೊಡಲಾಗಿದೆಯೆಂದೂ, ಅಲ್ಲಿನ ಹಕ್ಕಿಗಳನ್ನೂ ಹಳೆಯ ಕಲ್ಲುಗಳನ್ನೂ ತೋರಿಸಲು ಪ್ರತಿ ಭಾನುವಾರ ಬೆಳಿಗ್ಗೆ ನಡಿಗೆ ಇರುವುದೆಂದೂ ಅದರಲ್ಲಿತ್ತು. ಮೂವತ್ತು ವರ್ಷಗಳ ಹಿಂದೆ ಆ ಭಟ್ಟಿಗಳಲ್ಲಿ ನಾನು ಟ್ರ್ಯಾಕ್ಟರ್ ಓಡಿಸುತ್ತಿದ್ದೆ. ಸೋಮವಾರ ಬೆಳಿಗ್ಗೆ ಹುಬ್ಬಳ್ಳಿಯ ಹತ್ತಿ ಗಿರಣಿಯೊಂದರಲ್ಲಿ ಲಾರಿ ಚಾಲಕನಾಗಿ ಹಾಜರಾಗಬೇಕಿತ್ತು. ನಡುವೆ ಒಂದು ಹಗಲು ನನ್ನದಾಗಿತ್ತು. ಹರಿಹರದ ಬಸ್ ಹತ್ತಿದೆ.

ನಡಿಗೆಗೆ ಬಂದವರು ಹನ್ನೆರಡು ಜನ. ಹೆಚ್ಚಿನವರು ವಿದ್ಯಾನಗರದ ಹಾಸ್ಟೆಲುಗಳ ವಿದ್ಯಾರ್ಥಿನಿಯರು. ಬಕ್ಕೇಶಪ್ಪ ಎಂಬ ಹಿರಿಯ ಬಟ್ಟೆ ವ್ಯಾಪಾರಿಯೊಬ್ಬರು ಬಿಸಿಲಿಲ್ಲದಿದ್ದರೂ ಕೊಡೆ ಬಿಡಿಸಿಕೊಂಡು ನಿಂತಿದ್ದರು. ನಮ್ಮನ್ನು ಕರೆದೊಯ್ಯಬೇಕಾದವಳು ಭವ್ಯಾ, ವಿದ್ಯಾನಗರದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವವಳು. ಮೂವತ್ತರ ಆಸುಪಾಸಿನ, ಮಾತಿಗಿಂತ ಮುಂಚೆ ಒಂದು ಕ್ಷಣ ಯೋಚಿಸುವ ಹೆಣ್ಣುಮಗಳು.

ಬಯಲು ನನಗೆ ಗುರುತು ಸಿಗಲಿಲ್ಲ. ಮಣ್ಣು ತೆಗೆದು ತೆಗೆದು ಆಗಿದ್ದ ಗುಂಡಿಗಳ ನಡುವಿನ ಒಡ್ಡುಗಳನ್ನು ಕಡಿದಿದ್ದರು. ಹೊಳೆಯ ಕಡೆಗಿದ್ದ ಏರಿಯನ್ನು ಎರಡು ಜಾಗದಲ್ಲಿ ತೆರೆದಿದ್ದರು. ಮಳೆಗಾಲದಲ್ಲಿ ನೀರು ತಾನಾಗಿ ಒಳಗೆ ಬಂದು, ಹಿಂದೆ ಸರಿಯುವಾಗ ಗೋಡುಮಣ್ಣನ್ನು ಬಿಟ್ಟುಹೋಗುತ್ತದೆಯೆಂದು ಭವ್ಯಾ ಹೇಳಿದಳು. ಆ ಮಣ್ಣಿನಲ್ಲಿ ಜೊಂಡು ಆಳೆತ್ತರ ಬೆಳೆದಿತ್ತು. ನಾವು ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತಿದ್ದ ಕಡೆ ನೀರುಕಾಗೆಗಳು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿದ್ದವು. ನೆಟ್ಟು ಆರೇಳು ವರ್ಷವಾಗಿರಬಹುದಾದ ಹೊಳೆಮತ್ತಿಯ ಮರಗಳು ದಂಡೆಯುದ್ದಕ್ಕೂ ಬೆಳ್ಳಗಿನ ಕಾಂಡ ತೋರಿಸಿಕೊಂಡು ನಿಂತಿದ್ದವು.

ಒಂದು ಕಡೆ ಭವ್ಯಾ ಕುಳಿತು, ಬಂಡೆಯ ಮೇಲಿದ್ದ ಕಪ್ಪು ಹಿಕ್ಕೆಯನ್ನು ಕಡ್ಡಿಯಿಂದ ಕೆದಕಿದಳು. ಒಳಗೆ ಮೀನಿನ ಪೊರೆಗಳು ಮಿನುಗಿದವು.

“ನೀರುನಾಯಿದು. ನಿನ್ನೆ ರಾತ್ರಿ ಬಂದು ಹೋಗೈತೆ.”

“ನಾವು ಬಂದಿದ್ದು ಇದನ್ನ ನೋಡಾಕೇನ್ರಿ ಮೇಡಮ್ಮರೆ?” ಎಂದರು ಬಕ್ಕೇಶಪ್ಪ. “ಮನ್ಯಾಗ ಕೇಳಿದ್ರ ಏನಂತ ಹೇಳ್ಲಿ?”

“ನೀರುನಾಯಿ ನೋಡ್ದೆ ಅನ್ರಿ. ಅರ್ಧ ಸತ್ಯ ಆಗ್ತೈತೆ,” ಎಂದಳು ಅವಳು. ಹುಡುಗಿಯರು ನಕ್ಕರು.

ಹೊಳೆಗೆ ಅಂಟಿಕೊಂಡ ದಿಬ್ಬದ ಮೇಲೆ ಏರಿದಾಗ ನನ್ನ ಕಾಲು ನಿಂತವು. ಅಲ್ಲೊಂದು ವೀರಗಲ್ಲಿತ್ತು. ಎದೆಯೆತ್ತರದ ಕಲ್ಲು, ಮೂರು ಅಂಕಣ. ಕೆಳಗೆ ಕತ್ತಿ ಹಿಡಿದು ಕಾದುವ ಗಂಡಸು, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಇಬ್ಬರು ಹೆಂಗಸರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ಗಂಡಸು. ಹಣೆಯಷ್ಟು ಜಾಗದಲ್ಲಿ ಕುಂಕುಮ, ಪಾದದಲ್ಲಿ ಕಣಗಿಲೆ ಹೂವು. ಬಲಗಡೆಯ ಮೇಲಿನ ಮೂಲೆ ಚಕ್ಕೆ ಎದ್ದಿತ್ತು. ಅದನ್ನು ಒಡೆದದ್ದು ನನ್ನ ಟ್ರಾಲಿಯ ಹಿಂಬಾಗಿಲು.

ಭವ್ಯಾ ಕಲ್ಲಿನ ತಳವನ್ನು ತೋರಿಸಿದಳು. “ಇವನ ಕಾಲ ಕೆಳಗೆ ನೋಡ್ರಿ. ಅಲೆಗಳು, ಎರಡು ಮೀನು. ಈತ ಸತ್ತಿದ್ದು ನೀರಿನಲ್ಲಿ. ಎದುರು ದಂಡೆಯಲ್ಲಿ ನೇರಕ್ಕೆ ಹಳೇ ಮೆಟ್ಟಿಲುಗಳು ಕಾಣ್ತವೆ. ಅಂದ್ರೆ ಹೊಳೆ ದಾಟೋ ಜಾಗ ಇಲ್ಲೇ ಇತ್ತು. ದನಗಳನ್ನ ಕದ್ದು ಹೊಡ್ಕೊಂಡು ದಾಟೋರನ್ನ ಇವನು ಇಲ್ಲೇ ತಡೆದಿದ್ದಾನೆ. ಈ ಬಯಲಿನಲ್ಲಿ ಸಿಕ್ಕ ಇನ್ನೂ ನಾಲ್ಕು ಕಲ್ಲುಗಳನ್ನ ಹರಿಹರದ ಉಗ್ರಾಣಕ್ಕೆ ಕಳಿಸಿದ್ವಿ. ಮೂಲ ಸ್ಥಳದಲ್ಲೇ ಇರೋದು ಇದೊಂದೇ. ಅದಕ್ಕೇ ನಮ್ಮ ನದಿಬಯಲು ಸಮಿತಿ ಇದನ್ನ ಇಲ್ಲೇ ಬಿಟ್ಟೈತೆ. ಮುಂದಿನ ಭಾನುವಾರ ಫಲಕ ಹಾಕ್ತೀವಿ. ಮೂರು ವರ್ಷದ ಕೆಲಸ ಇದು.”

ಒಬ್ಬ ಹುಡುಗಿ ಅದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡು, ‘ಇಲ್ಲೇ’ ಎಂಬ ಪದದ ಕೆಳಗೆ ಗೆರೆ ಎಳೆದಳು. ಉಳಿದವರು ಎದುರು ದಂಡೆಯ ಮೆಟ್ಟಿಲು ನೋಡಲು ಇಳಿದರು. ನಾನು ಕಲ್ಲಿನ ಬಳಿಯೇ ಉಳಿದೆ.

“ತಿಪ್ಪೇಶಲ್ಲೇನೋ ನೀನು?”

ಸೀರೆಯ ಮೇಲೆ ಖಾಕಿ ಕೋಟು ತೊಟ್ಟ ಹೆಂಗಸೊಬ್ಬಳು ಕಸಬರಿಗೆ ಹಿಡಿದು ಮರದ ಹಿಂದಿನಿಂದ ಬಂದಳು. ಓಬವ್ವ. ಭಟ್ಟಿಯಲ್ಲಿ ತಲೆಯ ಮೇಲೆ ಹನ್ನೆರಡು ಹಸಿ ಇಟ್ಟಿಗೆ ಹೊತ್ತು, ಹದಿಮೂರನೆಯದಕ್ಕೆ ಜಾಗವಿದೆ ಎನ್ನುತ್ತಿದ್ದವಳು. ಈಗ ಬಯಲಿನ ದಾರಿ ಗುಡಿಸಿ, ಕಾವಲಿರುತ್ತಾಳೆ.

“ಹೊಟ್ಟಿ ಬಂದೈತೆ, ಕೂದ್ಲು ಹೋಗ್ಯಾವೆ. ನಡಿಗಿ ಮಾತ್ರ ಅದೇ ಐತೆ, ಹಿಂದ ಯಾರೋ ಅಟ್ಟಿಸ್ಕೊಂಡು ಬಂದಂಗ.”

“ಚೆನ್ನಾಗಿದ್ದೀಯೇನಕ್ಕ?”

“ಹೋಗ್ತೀನಿ ಅಂತ ಒಂದು ಮಾತು ಹೇಳ್ದೆ ಹೋದಾತ, ಈಗ ಚೆನ್ನಾಗಿದ್ದೀಯೇನು ಅಂತ ಕೇಳ್ತಾನೆ.” ಅವಳು ಕಲ್ಲಿನ ಪಾದದ ಎಲೆಗಳನ್ನು ಗುಡಿಸಿದಳು. ನಂತರ ದನಿ ತಗ್ಗಿಸಿದಳು. “ಮೇಡಮ್ ಹೇಳಿದ್ದು ಕೇಳ್ದೆಲ್ಲ?”

“ಕೇಳ್ದೆ. ಈ ಕಲ್ಲು ಇಲ್ಲಿದ್ದದ್ದಲ್ಲ ಅಕ್ಕ.”

“ಅದು ನಿನಗೂ ಗೊತ್ತು, ನನಗೂ ಗೊತ್ತು. ಮೂರನೆಯವರಿಗೆ ಬ್ಯಾಡ.”

ಆ ವರ್ಷ ಎರಡು ಸಲ ಭಟ್ಟಿ ಹೊತ್ತಿಸಿದರೂ ಇಟ್ಟಿಗೆ ಅರ್ಧಕ್ಕರ್ಧ ಹಸಿಯಾಗಿ ಉಳಿದಿತ್ತು. ಭಟ್ಟಿಯ ಬಾಯಲ್ಲಿ ದೇವರು ಕೂರುವವರೆಗೆ ಮೂರನೆಯ ಸಲ ಕೊಳ್ಳಿ ಮುಟ್ಟುವುದಿಲ್ಲವೆಂದು ಬೆಂಕಿಯ ಮೇಸ್ತ್ರಿ ಹಟ ಹಿಡಿದಿದ್ದ. ಹೊಳೆಯಿಂದ ಅರ್ಧ ಮೈಲಿ ಒಳಗೆ, ನಾವು ಮಣ್ಣು ತೆಗೆಯುತ್ತಿದ್ದ ಗುಂಡಿಯ ಅಂಚಿನ ಜಾಲಿಯ ಪೊದೆಯಲ್ಲಿ ಒಂದು ಕಲ್ಲು ವಾಲಿಕೊಂಡಿತ್ತು. ಕತ್ತಿ ಹಿಡಿದ ಮೂರ್ತಿ ಕಂಡಿತು. ವೀರಭದ್ರನೇ ಎಂದುಕೊಂಡೆವು. ಟ್ರಾಲಿಯಲ್ಲಿ ಹೇರಿ ತಂದು ದಿಬ್ಬದ ಮೇಲಿನ ಭಟ್ಟಿಗೆ ನಿಲ್ಲಿಸಿ, ಈರಣ್ಣ ಎಂದು ಕರೆದೆವು. ಮೂರನೆಯ ಸಲ ಇಟ್ಟಿಗೆ ಕೆಂಪಗೆ ಬೆಂದಿತು. ಆಮೇಲೆ ಭಟ್ಟಿ ಹೋಯಿತು, ಜನ ಹೋದರು, ಕಲ್ಲು ಉಳಿಯಿತು.

“ಬಾಯಿ ಬಿಟ್ಟರೆ ಏನಾಗ್ತೈತೆ ಗೊತ್ತೈತೇನು?” ಎಂದಳು ಓಬವ್ವ. “ಮೂಲ ಸ್ಥಳ ಅಲ್ಲ ಅಂತ ಇದನ್ನೂ ಉಗ್ರಾಣಕ್ಕ ಹಾಕ್ತಾರೆ. ಆ ನಾಲ್ಕು ಕಲ್ಲು ಗೋಣಿಚೀಲ ಹೊದ್ಕೊಂಡು ಕುಂತಾವೆ, ನೋಡಿ ಬಂದೀನಿ. ಮೂವತ್ತು ವರ್ಷ ದಿನಾ ಹೂವು ಇಟ್ಟೀನಪ್ಪ. ನನಗೆ ಇನ್ಯಾವ ಗುಡಿನೂ ರೂಢಿ ಇಲ್ಲ.”

ಸಂಜೆಯ ಬಸ್ಸಿಗೆ ಹೊರಟುಹೋಗುವವನು ನಾನು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆಡಿದರೆ ಕಳೆದುಕೊಳ್ಳುವವರು ಓಬವ್ವ ಮತ್ತು ಭವ್ಯಾ, ನನಗೇನೂ ಆಗದು. ಒಂದು ಊರಿನಲ್ಲಿ ಮಾಡಿದ್ದು ಆ ಊರಿನಲ್ಲೇ ಉಳಿಯುತ್ತದೆ, ಮುಂದಿನ ಊರಿಗೆ ಬರುವುದಿಲ್ಲ ಎಂಬ ಧೈರ್ಯದಲ್ಲೇ ನಾನು ಇಷ್ಟು ವರ್ಷ ತಿರುಗಿದ್ದು. ಆ ಧೈರ್ಯದಿಂದಲೇ ದಿಬ್ಬ ಇಳಿದು ಉಳಿದವರನ್ನು ಸೇರಿಕೊಂಡೆ. ಓಬವ್ವ ಕಸಬರಿಗೆ ಹಿಡಿದುಕೊಂಡೇ ನನ್ನ ಹಿಂದೆ ಬಂದಳು.

ದಾರಿ ಹೊಳೆಯನ್ನು ಬಿಟ್ಟು ಒಳಕ್ಕೆ ತಿರುಗಿತು. ಜೊಂಡಿನ ನಡುವಿನ ಮಣ್ಣಿನ ಹಾದಿಯಲ್ಲಿ ಅರ್ಧ ಮೈಲಿ ನಡೆದೆವು. ಕೊನೆಯಲ್ಲಿ ವಿಶಾಲವಾದ ನೀರು ತೆರೆದುಕೊಂಡಿತು. ಬಣ್ಣದ ಕೊಕ್ಕರೆಗಳು ಮೊಣಕಾಲುದ್ದದ ನೀರಿನಲ್ಲಿ ತಲೆ ತಗ್ಗಿಸಿ ಅಲೆಯುತ್ತಿದ್ದವು. ದೂರದಲ್ಲಿ ಹರಿಹರದ ಹಳೆಯ ಸೇತುವೆಯ ಕಲ್ಲಿನ ಕಂಬಗಳು ಮಂಜಿನಲ್ಲಿ ಮಸುಕಾಗಿ ಕಾಣುತ್ತಿದ್ದವು.

“ಇಲ್ಲಿ ಹೇಳುವಂಥ ಇತಿಹಾಸ ಏನೂ ಇಲ್ಲ,” ಎಂದಳು ಭವ್ಯಾ. “ಬರೀ ಮಣ್ಣು ತೆಗೆದ ಗುಂಡಿ. ಹಕ್ಕಿ ನೋಡ್ರಿ ಸಾಕು.”

ಆ ಗುಂಡಿ ನಾನು ಬಲ್ಲದ್ದೇ. ಮೂಡಣದ ಅಂಚಿನಲ್ಲಿ, ಈಗ ಒಂಟಿ ಮಿಂಚುಳ್ಳಿ ಕುಳಿತಿದ್ದ ಕೊಂಬೆಯ ಕೆಳಗೆ, ಆ ಕಲ್ಲು ವಾಲಿಕೊಂಡಿತ್ತು. ಇಲ್ಲಿ ಏನೂ ಇಲ್ಲ ಎಂಬ ಮಾತನ್ನು, ಇಲ್ಲಿಂದ ಅದನ್ನು ಹೊತ್ತೊಯ್ದವನು ನಿಂತು ಕೇಳುತ್ತಿದ್ದ.

“ಮೇಡಮ್, ನಿಮ್ಮ ಕಲ್ಲು ಇಲ್ಲಿದ್ದದ್ದು,” ಎಂದೆ.

ಅವಳು ತಿರುಗಿ ನೋಡಿದಳು. ನಾನು ಎಲ್ಲವನ್ನೂ ಹೇಳಿದೆ. ಹಸಿಯಾಗಿ ಉಳಿದ ಇಟ್ಟಿಗೆ, ಮೇಸ್ತ್ರಿಯ ಹಟ, ಟ್ರಾಲಿಯ ಹಿಂಬಾಗಿಲಿಗೆ ಬಡಿದು ಒಡೆದ ಮೂಲೆ. ನಾಲ್ಕು ಜನ ಗಂಡಸರು ಸೇರಿ ಅದನ್ನು ಎತ್ತಿದೆವೆಂದೂ ಹೇಳಿದೆ. ಓಬವ್ವ ಬೇರೆ ಕಡೆ ಮುಖ ಮಾಡಿ ನಿಂತಳು.

“ನೀವು ಮೂರು ವರ್ಷದ ಹಿಂದೆ ಯಾಕ ಬರ್ಲಿಲ್ರಿ?” ಎಂದಳು ಭವ್ಯಾ. ಆ ಪ್ರಶ್ನೆಯಲ್ಲಿ ಸಿಟ್ಟಿತ್ತು.

“ಹಂಗಾದ್ರ ಈ ಗುಂಡಿ ಮಣ್ಣೆಲ್ಲಿ ಹೋತು?” ಬಕ್ಕೇಶಪ್ಪ ಕೇಳಿದರು.

“ಇಟ್ಟಿಗೆ ಆತ್ರಿ ಸಾವ್ಕಾರ್ರೆ. ಹೆಚ್ಚಿನದು ದಾವಣಗೆರೆಗೆ. ವಿದ್ಯಾನಗರದ ಕಡೆ ಆವಾಗ ಕಟ್ಟೋದು ಜೋರಿತ್ತು,” ಎಂದೆ.

“ಅಂದ್ರ ಈ ಪುಣ್ಯಾತ್ಮನ ರಣರಂಗ ನಿಮ್ಮ ಹಾಸ್ಟೆಲ್ ಗೋಡ್ಯಾಗೈತೆ ನೋಡ್ರವ್ವ.”

“ಅದಕ್ಕೇ ಅಂಕಲ್, ನಮ್ಮ ರೂಮಿನಾಗೆ ದಿನಾ ಜಗಳ,” ಎಂದಳು ಗೆರೆ ಎಳೆದುಕೊಂಡಿದ್ದ ಹುಡುಗಿ.

ಯಾರೂ ಜೋರಾಗಿ ನಗಲಿಲ್ಲ. ಬಕ್ಕೇಶಪ್ಪ ಕೊಡೆ ಮಡಚಿ ನೀರಿನ ಕಡೆ ತೋರಿಸಿದರು. “ಮೇಡಮ್ಮರೆ, ಮೀನು, ಅಲೆ ಐತೆ ಅಂದ್ರಿ. ಕಲ್ಲಿದ್ದದ್ದು ಇಲ್ಲಿ. ಅಂದ್ರ ಆ ಕಾಲಕ್ಕ ಹೊಳಿ ಇಲ್ಲಿ ತನಕ ಬರ್ತಿತ್ತು ಅಂತ ಆತಲ್ಲ? ಇದು ಇನ್ನೂ ದೊಡ್ಡ ಸುದ್ದಿ.”

ಭವ್ಯಾ ಆ ನೀರನ್ನು ನೋಡಿದಳು. ಆಸೆ ಅವಳ ಮುಖದಲ್ಲಿ ಒಮ್ಮೆ ಬಂದು ಹೋದದ್ದನ್ನು ನಾನು ಕಂಡೆ. “ಇರಬಹುದು ಸರ್. ಅದೂ ಊಹೆನೇ. ಒಂದು ಊಹೆಯನ್ನ ಈಗಷ್ಟೇ ಕಳ್ಕೊಂಡೀನಿ. ಇವರಿಗಿಂತ ಮೊದಲು ಇನ್ಯಾರೋ ಎತ್ತಿ ಇಲ್ಲಿ ತಂದಿಟ್ಟಿದ್ರೆ?” ಅವಳು ನನ್ನ ಕಡೆ ತಿರುಗಿದಳು. “ಮುಂದಿನ ಭಾನುವಾರ ಫಲಕ ಬ್ಯಾಡ. ಮಂಗಳವಾರ ಸಮಿತಿ ಸೇರ್ತೈತೆ. ನೀವೇ ಬಂದು ಹೇಳ್ಬೇಕು. ನಾನು ಹೇಳಿದ್ರೆ ಯಾರೋ ದಾರಿಹೋಕ ಹೇಳಿದ ಕತೆ ಆಗ್ತೈತೆ.”

“ಕಲ್ಲನ್ನ ಏನ್ ಮಾಡ್ತೀರಿ?” ಎಂದೆ.

“ಗೊತ್ತಿಲ್ಲ. ಭಟ್ಟಿಯಲ್ಲಿದ್ದ ಮೂವತ್ತು ವರ್ಷವೂ ಅದರ ಚರಿತ್ರೆಯೇ, ಅಲ್ಲೇ ಇರ್ಲಿ ಅಂತ ನಾನು ವಾದ ಮಾಡ್ತೀನಿ. ಕೇಳ್ತಾರೆ ಅನ್ನೋ ಭರವಸೆ ಕೊಡೋದಿಲ್ಲ.” ಈ ಮಾತನ್ನು ಅವಳು ಓಬವ್ವನ ಕಡೆ ನೋಡಿ ಹೇಳಿದಳು.

ಹುಬ್ಬಳ್ಳಿಯಲ್ಲಿ ಸೋಮವಾರ ನಾನು ಹಾಜರಾಗದಿದ್ದರೆ ಆ ಲಾರಿಯನ್ನು ಇನ್ನೊಬ್ಬ ಓಡಿಸುತ್ತಾನೆ. ಅಂಥ ಕೆಲಸಗಳಿಗೆ ಕಾದು ನಿಂತವರು ಬಹಳ. ಬರುತ್ತೇನೆಂದು ಹೇಳಿದೆ. ಹೇಳಿದ ಮೇಲೆ ನನ್ನ ದನಿಯೇ ನನಗೆ ಹೊಸದಾಗಿ ಕೇಳಿಸಿತು.

“ಇವನೊಬ್ಬನನ್ನೇ ನಂಬಬ್ಯಾಡ್ರಿ ಮೇಡಮ್,” ಎಂದಳು ಓಬವ್ವ. ಅವಳು ಈವರೆಗೆ ತಿರುಗಿರಲಿಲ್ಲ. ಈಗ ಬಂದು ನನ್ನ ಎದುರಿಗೇ ನಿಂತಳು. ಕಣ್ಣು ಕೆಂಪಾಗಿದ್ದವು. “ಮಂಗಳವಾರ ನಾನೂ ಬರ್ತೀನಿ. ಹೇಳೋದೇ ಆದ್ರ ಸರಿಯಾಗಿ ಹೇಳ್ಬೇಕು. ಇವನು ಅರ್ಧ ಮರ್ತಾನೆ.”

“ಏನು ಮರ್ತೆ ಅಕ್ಕ?”

“ನಾಲ್ಕು ಗಂಡಸರು ಎತ್ತಿದ್ವಿ ಅಂದೆಲ್ಲ. ನಾಲ್ಕು ಜನಕ್ಕ ಆ ಕಲ್ಲು ಅಲುಗಾಡ್ಲೇ ಇಲ್ಲ. ನೀನು ಟ್ರ್ಯಾಕ್ಟರ್ ಮ್ಯಾಲೆ ಕುಂತು ಬೀಡಿ ಸೇದ್ತಿದ್ದಿ, ನಿನಗೆ ಹಿಂದ ಏನಾತು ಅಂತ ಹೆಂಗೆ ಗೊತ್ತು? ಹೆಗಲು ಕೊಟ್ಟು ಹೇರಿದೋರು ನಾವು ಮೂರು ಜನ ಹೆಣ್ಣಮಕ್ಳು. ಕೆಳಗಿದ್ದ ಗಂಡಸರು ಹಗ್ಗ ಹಿಡ್ಕೊಂಡು ಹಿಂಗೆ, ಹಂಗೆ ಅನ್ನಾಕತ್ತಿದ್ರು.”

ನಾನು ನೆನಪಿಸಿಕೊಳ್ಳಲು ಪ್ರಯತ್ನಿಸಿದೆ. ಎಂಜಿನ್ನಿನ ಸದ್ದು ನೆನಪಾಯಿತು, ಮುಂದಿನ ದಾರಿ ನೆನಪಾಯಿತು. ಹಿಂದೆ ತಿರುಗಿ ನೋಡಿದ ನೆನಪು ಬರಲಿಲ್ಲ.

ಭವ್ಯಾ ಚೀಲದಿಂದ ಪುಸ್ತಕ ತೆಗೆದಳು. ಮೀನು, ಅಲೆಗಳ ಚಿತ್ರ ಬರೆದಿದ್ದ ಪುಟವನ್ನು ದಾಟಿ ಖಾಲಿ ಹಾಳೆಗೆ ಬಂದಳು.

“ಮೂರೂ ಹೆಸರು ಹೇಳು ಓಬವ್ವ.”

“ತಿಪ್ಪಮ್ಮ ಅಂತ ಬರ್ಕೊಳ್ರಿ, ಆಕಿ ಈಗಿಲ್ಲ. ಮರುಳಸಿದ್ದಮ್ಮ, ಸಾರಥ್ಯಾಗ ಮಗಳ ಮನ್ಯಾಗ ಅದಾಳೆ, ಕಿವಿ ಕೇಳ್ಸಲ್ಲ, ಆದ್ರ ಕೂಗಿ ಕೇಳಿದ್ರ ಎಲ್ಲಾ ಹೇಳ್ತಾಳೆ.”

“ಮೂರನೇದು?”

“ಕಾಣ್ಸಲ್ವೇನ್ರಿ,” ಎಂದು ಓಬವ್ವ ಕಸಬರಿಗೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. “ನಿಮ್ಮ ಎದುರಿಗೇ ನಿಂತೈತೆ.”