ಅಕ್ಕಿಯಲ್ಲಿ ಬರೆದ ಹೆಸರು

ಪ್ರೀತಿ ಎಂದರೇನು ಎಂದು ಯಾರಾದರೂ ಕೇಳಿದರೆ, ಪುಸ್ತಕ ಯಾಕೆ, ನಮ್ಮ ಮನೆಗೆ ಬನ್ನಿ ಎನ್ನುತ್ತಿದ್ದೆ. ಮೂವತ್ತು ವರ್ಷ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿದವನು ನಾನು. ಈಗ ಸಯನ್‌ನಲ್ಲಿ ನಮ್ಮ ಬಿಲ್ಡಿಂಗಿನ ಸೊಸೈಟಿ ಹಾಲ್‌ನಲ್ಲಿ ತಿಂಗಳಿಗೊಂದು ಭಾನುವಾರ ಸಿನಿಮಾ ತೋರಿಸಿ ಚರ್ಚೆ ನಡೆಸುತ್ತೇನೆ. ದಹಿಸರ್, ಪವಾಯಿ, ಈ ಮಹಾನಗರದ ಎಲ್ಲ ಕಡೆಯಿಂದ ಕನ್ನಡದವರು ಬರುತ್ತಾರೆ. ಅರ್ಧ ಜನ ನನ್ನ ಮಾತಿಗೆ, ಅರ್ಧ ಜನ ನನ್ನ ಹೆಂಡತಿ ಮಾಡುವ ಚುರಮರಿ ಸೂಸಲಕ್ಕೆ, ಅಂದರೆ ಮಂಡಕ್ಕಿ ಒಗ್ಗರಣೆಗೆ.

ಅಲ್ಲಿ ನಾನು ಮಾಡಿದ ನಿಯಮ ಒಂದೇ. ಸಿನಿಮಾ ಮುಗಿದ ಮೇಲೆ ಒಬ್ಬೊಬ್ಬರಿಗೆ ಮೂರು ನಿಮಿಷ. ಆ ಮೂರು ನಿಮಿಷ ಯಾರೂ ನಡುವೆ ಬಾಯಿ ಹಾಕುವಂತಿಲ್ಲ, ಆಮೇಲೆ ಉತ್ತರ ಕೊಡುವಂತಿಲ್ಲ. ಕೊನೆಯ ಸರದಿ ಯಾವಾಗಲೂ ನನ್ನದಾದ್ದರಿಂದ ಈ ನಿಯಮದಿಂದ ನನಗೆ ನಷ್ಟವಿರಲಿಲ್ಲ.

ನನ್ನ ಸರದಿಯಲ್ಲಿ ಸಿನಿಮಾ ಯಾವುದೇ ಇರಲಿ, ನನ್ನ ಕಥೆಗೇ ಬರುತ್ತಿದ್ದೆ. ನನ್ನ ಮೊದಲ ಹೆಂಡತಿ ಶೈಲಾ ಕಾಮಾಲೆಯಾಗಿ ತೀರಿಕೊಂಡಳು. ಸಾಯುವಾಗ ತಂಗಿಯ ಕೈಯನ್ನು ನನ್ನ ಕೈಯಲ್ಲಿಟ್ಟಳು. ನಮ್ಮ ವಿಜಯಪುರದ ಕಡೆ ಅಕ್ಕ ಸತ್ತರೆ ತಂಗಿಯನ್ನು ಕೊಡುವುದು ಹೊಸದೇನಲ್ಲ. ಮದುವೆಯ ದಿನ ಹೆಣ್ಣಿಗೆ ಹೊಸ ಹೆಸರಿಡುವುದೂ ಹೊಸದಲ್ಲ. ತಾಟಿನಲ್ಲಿ ಅಕ್ಕಿ ಹರಡಿ, ಉಂಗುರದಿಂದ ಗಂಡು ಆ ಹೆಸರು ಬರೆಯಬೇಕು. ನಾನು ಬರೆದದ್ದು ‘ಶೈಲಾ’. ಸತ್ತವಳ ಹೆಸರನ್ನೇ ಬರೆದೆ. ಮಂಟಪಕ್ಕೆ ಮಂಟಪವೇ ಅತ್ತಿತ್ತು. ಪ್ರೀತಿಗೆ ಸಾವಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ತತ್ವಜ್ಞಾನಿಯ ಹತ್ತಿರವಿದೆ? ಅಲ್ಲದೆ, ತಂಗಿಗಿದ್ದ ಗಂಗುಬಾಯಿ ಎಂಬ ಹೆಸರು ಕಾಲೇಜಿನ ಮೇಷ್ಟರ ಹೆಂಡತಿಗೆ ಒಪ್ಪುತ್ತಲೂ ಇರಲಿಲ್ಲ.

ಪವಾಯಿಯ ಶ್ರಾವ್ಯಾ ಎಂಬ ಹುಡುಗಿ ಈ ಕಥೆ ಕೇಳಿ, ಪ್ರೀತಿಯ ಬಗ್ಗೆ ಇಪ್ಪತ್ತು ನಿಮಿಷದ ಚಿತ್ರ ಮಾಡುತ್ತೇನೆ, ನೀವೇ ಅದರ ನಾಯಕ ಎಂದಳು. ನನಗೆ ಮಕ್ಕಳಿಲ್ಲ. ಬರೆದ ಎರಡು ಪುಸ್ತಕ ರದ್ದಿಗೆ ಹೋಗಿವೆ. ನಾನು ಬದುಕಿದ್ದಕ್ಕೆ ಅರ್ಥವೆಂಬುದು ಉಳಿಯಬೇಕಾದರೆ ಆ ಚಿತ್ರದಲ್ಲೇ ಉಳಿಯಬೇಕಿತ್ತು. ಆ ಭಾನುವಾರಕ್ಕಾಗಿ ಹೊಸ ಜುಬ್ಬಾ ಹೊಲಿಸಿದೆ.

ಅಂದು ತೋರಿಸಿದ್ದು ಒಬ್ಬ ಮುದುಕನ ಸಿನಿಮಾ. ಅವನು ಸತ್ತ ಹೆಂಡತಿಗೂ ಟಿಕೆಟ್ ತೆಗೆದು, ಪಕ್ಕದ ಕುರ್ಚಿ ಖಾಲಿ ಬಿಟ್ಟು ಟಾಕೀಸಿನಲ್ಲಿ ಕೂರುತ್ತಾನೆ. ನನ್ನ ಕಥೆಗೆ ಹೇಳಿ ಮಾಡಿಸಿದಂತಿತ್ತು. ಎಲ್ಲರ ಸರದಿ ಮುಗಿದು ನಾನು ಮಾತಾಡಿದೆ, ಕ್ಯಾಮೆರಾದ ಮುಂದೆ, ಗಂಟಲು ಎಲ್ಲಿ ಬಿಗಿಯಬೇಕೋ ಅಲ್ಲಿ ಬಿಗಿಸಿ. ದಹಿಸರ್‌ನ ಪ್ರಶಾಂತ ಕಣ್ಣೊರೆಸಿಕೊಂಡ. ಬ್ಯಾಂಕಿನಲ್ಲಿರುವ ಅವನು ನನ್ನ ಹಳೆಯ ಶಿಷ್ಯ.

ಆಗ ಶ್ರಾವ್ಯಾ ಕ್ಯಾಮೆರಾವನ್ನು ಬಾಗಿಲ ಹತ್ತಿರ ಸೂಸಲದ ಬೋಗುಣಿ ಹಿಡಿದು ನಿಂತಿದ್ದ ನನ್ನ ಹೆಂಡತಿಯ ಕಡೆ ತಿರುಗಿಸಿದಳು. “ಆಂಟಿ, ಆಪ್ ಭೀ ಬೋಲೋ ನಾ. ನಿಮಗೂ ಮೂರು ಮಿನಿಟ್ ಇದೆ.”

ನಾನು ನಕ್ಕೆ. ಮೂವತ್ತೆಂಟು ವರ್ಷದಲ್ಲಿ ಅವಳು ನಾಲ್ಕು ಜನರ ಮುಂದೆ ಮಾತಾಡಿದ್ದನ್ನು ಕಂಡಿರಲಿಲ್ಲ. “ಹೇಳು ಶೈಲಾ, ಹೆದರಬ್ಯಾಡ” ಎಂದು ನಾನೇ ಟೈಮರ್ ಒತ್ತಿದೆ. ಮೈಮೇಲೆ ಇರುವೆ ಬಿಟ್ಟುಕೊಂಡವನೂ ನಾನೇ.

ಅವಳು ಬೋಗುಣಿ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು.

“ಆ ಪಿಚ್ಚರಿನ ಮುದುಕ ಕುರ್ಚಿ ಖಾಲಿ ಬಿಟ್ಟ. ಇವರು ಬಿಡ್ಲಿಲ್ಲರೀ. ಹನ್ನೊಂದು ತಿಂಗಳಿಗೆ ನನ್ನ ತಂದು ಕೂಡ್ಸಿದ್ರು. ನನಗ ಆಗ ಹತ್ತೊಂಬತ್ತು. ಅಪ್ಪನೂ ಕೇಳ್ಲಿಲ್ಲ, ಇವರೂ ಕೇಳ್ಲಿಲ್ಲ. ಅಕ್ಕ ನನ್ನ ಕೈ ಇವರ ಕೈಯಾಗ ಕೊಟ್ಳು ಅಂತ ಹೇಳ್ತಾರಲ್ಲ, ಅಕ್ಕನ ಜೀವಾ ಹೋಗೂ ಮುಂದ ಇವರು ದವಾಖಾನಿ ಎದುರಿನ ಟಾಕೀಜಿನ್ಯಾಗ ಮ್ಯಾಟ್ನಿ ನೋಡಾಕತ್ತಿದ್ರು. ಅಕ್ಕನ ಬಾಜೂಕ ಇದ್ದಾಕಿ ನಾನು.”

“ಶೈಲಾ, ಸಾಕು” ಎಂದೆ.

“ಸರ, ನಡುವ ಮಾತಾಡಂಗಿಲ್ಲರೀ” ಎಂದ ಪ್ರಶಾಂತ. ಇಪ್ಪತ್ತು ಜೊತೆ ಕಣ್ಣು ನನ್ನ ಮೇಲಿದ್ದವು.

“‘ಗಂಗೂ, ಅಪ್ಪ ನಿನ್ನ ಇವರಿಗೆ ಕೊಡ್ತಾನ. ಒಲ್ಲೆ ಅನ್ನು.’ ಅಕ್ಕ ಕಡೀಗೆ ಹೇಳಿದ್ದು ಇಷ್ಟ. ನಾ ಒಲ್ಲೆ ಅನ್ಲಿಲ್ಲ, ಧೈರ್ಯ ಸಾಲ್ಲಿಲ್ಲ. ಅಕ್ಕಿಯಾಗ ಇವರು ಅಕ್ಕನ ಹೆಸರು ಬರದಾಗ ಎಲ್ಲಾರೂ ಅತ್ರು. ನಾನೂ ಅತ್ತೆ. ನೀ ಯಾಕ ಅಳ್ತಿ ಅಂತ ಯಾರೂ ಕೇಳ್ಲಿಲ್ಲ.” ಮೊದಲ ಸಲ ನನ್ನ ಕಡೆ ನೋಡಿದಳು. “ನಾ ಗಂಗುಬಾಯಿ. ಇವತ್ತಿನಿಂದ ಶೈಲಾ ಅಂದ್ರ ನಾ ಓ ಅನ್ನಂಗಿಲ್ಲ.”

ಅವಳ ಮಾತು ಮುಗಿದಾಗ ಇನ್ನೂ ಐವತ್ತು ಸೆಕೆಂಡು ಉಳಿದಿತ್ತು. ನಿಯಮದಂತೆ ಎಲ್ಲರೂ ಸುಮ್ಮನೆ ಕೂತರು. ಮ್ಯಾಟ್ನಿಯ ಮಾತು ಸುಳ್ಳಲ್ಲ. ಸಾಯುವವರ ಮುಖ ನೋಡುತ್ತ ಕೂರುವುದು ನನ್ನಿಂದ ಆಗುತ್ತಿರಲಿಲ್ಲ, ಎದ್ದು ಹೋಗಿದ್ದೆ. ಕೈಯಲ್ಲಿ ಕೈಯಿಟ್ಟ ಕಥೆಯನ್ನು ಎಷ್ಟು ಸಲ ಹೇಳಿದ್ದೆನೆಂದರೆ, ಆ ಕೈಯ ಬಿಸಿ ಕೂಡ ನನಗೆ ನೆನಪಿತ್ತು.

ಜನ ಸೂಸಲ ಮುಟ್ಟದೆ ಎದ್ದುಹೋದರು. ವೈರು ಸುತ್ತುತ್ತಿದ್ದ ಶ್ರಾವ್ಯಾಳ ಹತ್ತಿರ ಹೋಗಿ, “ಆ ಭಾಗ ತೆಗೆದುಬಿಡಮ್ಮಾ. ಈಚೆಗೆ ಅವಳಿಗೆ ತಲೆ ಸರಿ ಇಲ್ಲ” ಎಂದೆ. ಎಷ್ಟು ಸಲೀಸಾಗಿ ಹೇಳಿದೆನೆಂದು ನನಗೇ ಮೆಚ್ಚುಗೆಯಾಯಿತು.

“ಸಾರಿ ಸರ್,” ಅವಳು ತಲೆಯೆತ್ತಲಿಲ್ಲ. “ಆಂಟಿದೇ ಫಿಲ್ಮ್ ಇದೆ ಈಗ. ನಿಮ್ಮ ಪಾರ್ಟ್ ಬೇಡ.”

ಮೇಲೆ ಮನೆಗೆ ಬಂದಾಗ ಹೆಂಡತಿ ಬೆನ್ನು ತಿರುಗಿಸಿ ಬೋಗುಣಿ ತೊಳೆಯುತ್ತಿದ್ದಳು. ಸಣ್ಣಗೆ ಏನೋ ಗುನುಗುತ್ತಿದ್ದಳು. ನನ್ನ ಮನೆಯಲ್ಲಿ ಅವಳು ಹಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ನನಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಸಿಟ್ಟು ನೆತ್ತಿಗೇರಿತು. ಕೂಗಾಡಿದರೆ ಅವಳು ಹುಷಾರಾಗಿಬಿಡುತ್ತಾಳೆ ಎಂಬುದೂ ತಿಳಿಯಿತು. ಚಪ್ಪಲಿ ಬಿಟ್ಟೆ, ಕನ್ನಡಕ ತೆಗೆದಿಟ್ಟೆ, ದಿನಾ ಸಂಜೆ ಬಂದು ಕೂರುವ ಹಾಗೆ ಕುರ್ಚಿಯಲ್ಲಿ ಕೂತೆ. ದಿನಾ ಕರೆಯುವ ಧ್ವನಿಯಲ್ಲೇ ಕರೆದೆ.

“ಶೈಲಾ.”

“ಓ, ಬಂದೆ ರೀ” ಎಂದಳು.

ಗುನುಗು ನಿಂತಿತು. ನಲ್ಲಿ ಹರಿಯುತ್ತಲೇ ಇತ್ತು. ನಿಧಾನ ತಿರುಗಿದಳು. ಇಪ್ಪತ್ತು ಜನರ ಮುಂದೆ ಅಲುಗದಿದ್ದ ಮುಖ ಈಗ ನನ್ನೊಬ್ಬನ ಮುಂದೆ ಕುಸಿಯಿತು. ಬಾಯಿಗೆ ಅಡ್ಡ ಹಿಡಿದ ಒದ್ದೆ ಕೈಯಿಂದ ನೀರು ಸೀರೆಯ ಮೇಲೆ ಇಳಿಯುತ್ತಿತ್ತು. ಇದು ಪ್ರೀತಿಯಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಮೂವತ್ತೆಂಟು ವರ್ಷದಲ್ಲಿ ಯಾವತ್ತೂ ಇರಲಿಲ್ಲ ಎಂದೂ ಆಗಲೇ ಗೊತ್ತಾಯಿತು.

“ನಲ್ಲಿ ಬಂದ್ ಮಾಡು, ಶೈಲಾ” ಎಂದೆ.

ಬಂದ್ ಮಾಡಿದಳು.